ಕೊನೆಯಂಚಿನ ಜೀವಕೋಶದವರೆಗೆ

2007ರ ಮೇ 23. ಎವರೆಸ್ಟಿನ ನೆತ್ತಿಯಲ್ಲೇ ತಮ್ಮ ರಕ್ತ ತೆಗೆದು ಅಳೆಯಬೇಕೆಂದು ಹತ್ತಿದ ವೈದ್ಯರನ್ನು ಗಾಳಿ ಅಲ್ಲಿ ನಿಲ್ಲಗೊಡಲಿಲ್ಲ. ಮೈನಸ್ 25 ಡಿಗ್ರಿ ಚಳಿ! ಇಳಿದರು. 8,400 ಮೀಟರಿನಲ್ಲಿ, ಬಾಲ್ಕನಿ ಎಂಬ ತಾಣದಲ್ಲಿ ನಿಂತರು. ಆಮ್ಲಜನಕದ ಮಾಸ್ಕ್ ತೆಗೆದರು. ಇಪ್ಪತ್ತು ನಿಮಿಷ ಬರೀ ಬೆಟ್ಟದ ಗಾಳಿ. ಕೊರೆಯುವ ಚಳಿಯಲ್ಲಿ ಉಡುಪಿನ ಜಿಪ್ ಬಿಚ್ಚಿ, ತೊಡೆಸಂದಿನ ಅಪಧಮನಿಗೆ ಸೂಜಿ ಚುಚ್ಚಿದರು. ನಾಲ್ವರ ರಕ್ತ ಸಿಕ್ಕಿತು. ಅದನ್ನು ಹಿಮನೀರಿನ ಫ್ಲಾಸ್ಕಿನಲ್ಲಿಟ್ಟು ಶೆರ್ಪಾಗಳು ಇಳಿದೇ ಇಳಿದರು. ಎರಡು ಗಂಟೆಯೊಳಗೆ ಅದು 6,400 ಮೀಟರಿನ ಪ್ರಯೋಗಾಲಯದಲ್ಲಿತ್ತು!

ಅಪಧಮನಿಯ ಆಮ್ಲಜನಕದ ಒತ್ತಡ ಸರಾಸರಿ 24.6 ಮಿ.ಮೀ. ಪಾದರಸ. ಒಬ್ಬರಲ್ಲಿ ಬರೀ 19.1. ಸಮುದ್ರಮಟ್ಟದಲ್ಲಿ ಆರೋಗ್ಯವಂತರದ್ದು ನೂರರ ಆಸುಪಾಸು. ಆದರೂ ಇವರು ತಮ್ಮ ಕಾಲ ಮೇಲೇ ನಡೆದಿದ್ದರು. ಉಸಿರು ಎಲ್ಲಿ ಉಳಿದಿತ್ತು?

ಅದನ್ನು ಹುಡುಕಲು ಸ್ನಾಯುವಿನೊಳಕ್ಕೇ ಇಳಿಯಬೇಕು. 1919ರಲ್ಲಿ ಕೋಪನ್‌ಹೇಗನ್ನಿನ ಆಗಸ್ಟ್ ಕ್ರೋಗ್ ಆ ದಾರಿಯ ನಕ್ಷೆ ಬರೆದರು: ಪ್ರತಿ ಲೋಮನಾಳದ ಸುತ್ತ ಅದೇ ಸಾಕಬೇಕಾದ ಅಂಗಾಂಶದ ಒಂದು ಸಿಲಿಂಡರ್. ಗಣಿತ ಕಟ್ಟಿಕೊಟ್ಟವರು ಟೆಲಿಫೋನ್ ಕರೆಗಳ ದಟ್ಟಣೆಯನ್ನು ಲೆಕ್ಕಕ್ಕೆ ತಂದ ಎರ್ಲಾಂಗ್. ರಕ್ತದಿಂದ ಹೊರಬಿದ್ದ ಆಮ್ಲಜನಕ ಹೆಜ್ಜೆಹೆಜ್ಜೆಗೂ ಜೀವಕೋಶಗಳಿಗೆ ಆಹಾರವಾಗುತ್ತ, ಒತ್ತಡ ಕಳೆದುಕೊಳ್ಳುತ್ತ ಸಾಗುತ್ತದೆ. ಸಿಲಿಂಡರಿನ ತ್ರಿಜ್ಯ ಇಮ್ಮಡಿಯಾದರೆ ಒತ್ತಡದ ಕುಸಿತ ನಾಲ್ಕು ಪಟ್ಟಿಗೂ ಮೀರುತ್ತದೆ! ನಾಳದ ಕೊನೆಯಲ್ಲಿ, ಸಿಲಿಂಡರಿನ ಹೊರಅಂಚಿನಲ್ಲಿರುವ ಜೀವಕೋಶದ ಪಾಡು ಕಾಲುವೆಯ ಕೊನೆಯಂಚಿನ ಗದ್ದೆಯದು. ಮೇಲಿನವರೆಲ್ಲ ಬಳಸಿ ಮಿಕ್ಕಿದ್ದಷ್ಟೇ ಅದಕ್ಕೆ. ತಜ್ಞರು ಆ ಜಾಗವನ್ನು ಮಾರಕ ಮೂಲೆ ಎನ್ನುತ್ತಾರೆ. ಉಸಿರುಗಟ್ಟುವುದು ಅಲ್ಲೇ ಮೊದಲು.

ದೇಹ ಸುಮ್ಮನೆ ಶರಣಾಗುವುದಿಲ್ಲ. ವಾರಗಟ್ಟಲೆ ಎತ್ತರದಲ್ಲಿದ್ದವರ ರಕ್ತದಲ್ಲಿ ಹಿಮೋಗ್ಲೋಬಿನ್ ಏರಿ, 7,100 ಮೀಟರಿನವರೆಗೂ ಆಮ್ಲಜನಕದ ಒಟ್ಟು ಪ್ರಮಾಣ ಸಮುದ್ರಮಟ್ಟದಷ್ಟೇ ಉಳಿದಿತ್ತು. 8,400ರಲ್ಲಿ ಅದು 7,100ರಲ್ಲಿದ್ದುದಕ್ಕಿಂತ ಶೇ. 26ರಷ್ಟು ಕುಸಿಯಿತು. ಅಲ್ಲೂ ಹಿಮೋಗ್ಲೋಬಿನ್ ಕೈಬಿಡಲಿಲ್ಲ: ಅಷ್ಟು ಕಡಿಮೆ ಒತ್ತಡದಲ್ಲಿ ಅದು ಸ್ವಲ್ಪವೇ ಒತ್ತಡ ಇಳಿದರೂ ಹೆಚ್ಚು ಆಮ್ಲಜನಕ ಬಿಟ್ಟುಕೊಡುತ್ತದೆ. ಸ್ನಾಯು ದುಡಿಯತೊಡಗಿದರೆ ಮುಚ್ಚಿದ್ದ ಲೋಮನಾಳಗಳೂ ತೆರೆದುಕೊಳ್ಳುತ್ತವೆ. ಸಿಲಿಂಡರು ಕಿರಿದಾಗುತ್ತದೆ, ಮಾರಕ ಮೂಲೆ ಹತ್ತಿರ ಬರುತ್ತದೆ. ಈ ನಿಯಂತ್ರಣವನ್ನು ಕಂಡುಹಿಡಿದದ್ದಕ್ಕೇ ಕ್ರೋಗ್ 1920ರ ನೊಬೆಲ್ ಪಡೆದರು. ಜೀವಕೋಶದೊಳಗೆ ಆಮ್ಲಜನಕ ಬಳಸುವ ಮೈಟೊಕಾಂಡ್ರಿಯಕ್ಕೆ ಕೆಲವೇ ಮಿ.ಮೀ. ಒತ್ತಡ ಸಾಕು. ಆ ಕೆಲವು ಮಿ.ಮೀ. ಉಳಿಯುವವರೆಗೆ ಮನುಷ್ಯ ಸೋತಿಲ್ಲ.

ಆ ವೈದ್ಯರು ಪ್ರಾಣ ಪಣಕ್ಕಿಟ್ಟದ್ದು ತೀವ್ರ ನಿಗಾ ಘಟಕದಲ್ಲಿ ಆಮ್ಲಜನಕಕ್ಕೆ ಹೋರಾಡುವ ರೋಗಿಗಳಿಗಾಗಿ. ಮಾನಿಟರಿನ ಅಂಕಿ ರಕ್ತದ ಸುದ್ದಿಯನ್ನಷ್ಟೇ ಹೇಳುತ್ತದೆ. ಬದುಕಿನ ತೀರ್ಮಾನ ಆಗುವುದು ನಾಳದಿಂದಾಚೆಯ ಕೆಲವೇ ಮೈಕ್ರಾನುಗಳಲ್ಲಿ. ಅಲ್ಲಿಗೆ ಸೂಜಿ ಮುಟ್ಟದಿದ್ದರೂ ಗಣಿತ ಮುಟ್ಟುತ್ತದೆ. ಅದಕ್ಕೇ ಕ್ರೋಗ್ ಮತ್ತು ಎರ್ಲಾಂಗರ ಆ ಸಮೀಕರಣವನ್ನು ನಾನು ಪ್ರಾಣರಕ್ಷಕ ಎನ್ನುತ್ತೇನೆ.