ಕಲಿಕಾ ಲೈಸನ್ಸಿನ ಪರೀಕ್ಷೆಗೆ ಕೂಡುವ ಮುನ್ನ



ಹನ್ನೆರಡನೆಯ ಇಯತ್ತೆಯ ಪರೀಕ್ಷೆ ಮುಗಿಯಿತೆಂದರೆ ನಮ್ಮ ಪುಣೆಯ ಕನ್ನಡ ಮನೆಗಳಲ್ಲಿ ಇನ್ನೊಂದು ಪರೀಕ್ಷೆಯ ಮಾತು ಶುರುವಾಗುತ್ತದೆ. ಇದಕ್ಕೆ ಕ್ಲಾಸು ಹಚ್ಚುವವರಿಲ್ಲ, ರಾತ್ರಿ ಎದ್ದು ಓದುವವರಿಲ್ಲ, ಪಾಸಾದರೆ ಪೇಢೆ ಹಂಚುವವರೂ ಇಲ್ಲ. ಕಲಿಕಾ ಲೈಸನ್ಸಿನ ಪರೀಕ್ಷೆ ಅದು. "ಅದರಾಗ ಓದೂದೇನದ?" ಎಂದು ನೀವು ಕೇಳಬಹುದು. ಈಚೆಗೆ ನನ್ನ ತಂಗಿಯ ಮಗಳನ್ನು ಈ ಪರೀಕ್ಷೆಗೆ ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಆಗ ಆ ಪ್ರಶ್ನೆಗಳನ್ನೆಲ್ಲ ನಿಧಾನವಾಗಿ ಓದಿದೆ. ನನಗೆ ತೋಚಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಗಾಡಿಯ ಮೋಹ ನಿಮ್ಮ ಪೀಳಿಗೆಗೆ ಮಾತ್ರ ಅಂಟಿದ್ದಲ್ಲ. 1972ರಲ್ಲಿ ಲೂನಾ ಮೊಪೆಡ್ ತಂದದ್ದು ಈ ಊರಿನ ಕಂಪನಿ. ಬಜಾಜ್ ಸ್ಕೂಟರುಗಳು ಬಂದದ್ದು ಇಲ್ಲಿಯ ಆಕುರ್ಡಿಯಿಂದ. ಗದಗಿನಿಂದ ಬಂದು ಪುಣೆಯವರೇ ಆಗಿಹೋದ ಪಂಡಿತ ಭೀಮಸೇನ ಜೋಶಿಯವರಿಗೆ ಹಾಡಿನಷ್ಟಲ್ಲದಿದ್ದರೂ ಕಾರಿನ ಹುಚ್ಚು ಬಹಳವಿತ್ತು. ದೂರದೂರದ ಕಚೇರಿಗಳಿಗೆ ತಾವೇ ಕಾರು ನಡೆಸಿಕೊಂಡು ಹೋಗುತ್ತಿದ್ದರು. ಆದ್ದರಿಂದ ನಿಮ್ಮ ಉತ್ಸಾಹಕ್ಕೆ ನಾನು ಅಡ್ಡ ಬರುವವನಲ್ಲ.

ಮೊದಲು ವಯಸ್ಸಿನ ಲೆಕ್ಕ. 16 ತುಂಬಿದವರಿಗೆ ತಂದೆತಾಯಿಯ ಒಪ್ಪಿಗೆಯ ಮೇಲೆ ಲೈಸನ್ಸು ಸಿಗುವುದು ನಿಜ. ಆದರೆ ಅದು 50 ಸಿ.ಸಿ. ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. ಇಂದು ಮನೆಮನೆಯ ಮುಂದೆ ನಿಂತಿರುವ ಪೆಟ್ರೋಲ್ ಸ್ಕೂಟರುಗಳು ಬಹುತೇಕ 100 ಸಿ.ಸಿ. ದಾಟಿದವು. ಅವಕ್ಕೆ, ಕಾರಿಗೆ, 18 ತುಂಬಲೇಬೇಕು. ಕಲಿಕಾ ಲೈಸನ್ಸು ಆರು ತಿಂಗಳು ನಡೆಯುತ್ತದೆ. ಅದು ಕೈಗೆ ಬಂದು 30 ದಿನ ಕಳೆದ ಮೇಲೆ ಪಕ್ಕಾ ಲೈಸನ್ಸಿನ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಮುಂದೆ, ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು. ಕಾರಿನಲ್ಲಿ ಪಕ್ಕಕ್ಕೆ ಲೈಸನ್ಸು ಇದ್ದವರು ಕೂತಿರಬೇಕು. ಸ್ಕೂಟರಿನ ಹಿಂದೆ ಕಲಿಸುವವರನ್ನು ಬಿಟ್ಟು ಗೆಳೆಯ ಗೆಳತಿಯರನ್ನು ಕೂಡಿಸುವಂತಿಲ್ಲ.

ಇನ್ನು ಚಿಹ್ನೆಗಳು. ಇವನ್ನು ಉರುಹೊಡೆಯಬೇಡಿರಿ, ಆಕಾರ ನೋಡಿ ತಿಳಿದುಕೊಳ್ಳಿರಿ. ದುಂಡಗಿನ ಫಲಕ ಆಜ್ಞೆ, ಮೀರಿದರೆ ದಂಡ. ತ್ರಿಕೋನ ಎಚ್ಚರಿಕೆ: ಮುಂದೆ ತಿರುವಿದೆ, ಶಾಲೆಯಿದೆ, ಇಕ್ಕಟ್ಟಾದ ಸೇತುವೆಯಿದೆ. ಚೌಕ ಅಥವಾ ಆಯತ ಬರೀ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಪಂಪು. ಎಂಟು ಮೂಲೆಯ 'ನಿಲ್ಲು', ತಲೆಕೆಳಗಾದ ತ್ರಿಕೋನದ 'ದಾರಿ ಬಿಡು' ಇವೆರಡೂ ಆಜ್ಞೆಗಳೇ, ಆದರೆ ಆಕಾರ ಬೇರೆ. ಫಲಕದ ಮೇಲೆ ಹಿಮ ಕೂತರೂ, ಕೆಸರು ಸಿಡಿದರೂ, ಹಿಂದಿನಿಂದ ನೋಡಿದರೂ ಈ ಎರಡು ಮಾತ್ರ ಗುರುತು ಸಿಗಬೇಕು. ಅಷ್ಟು ಮುಖ್ಯ ಅವು.

ಆಮೇಲೆ ಪ್ರಶ್ನೆಗಳು. ಎದುರಿನ ಗಾಡಿ ದೀಪ ಹಚ್ಚಿಕೊಂಡು ಕಿರುಸೇತುವೆಗೆ ಬರುತ್ತಿದ್ದರೆ ಏನು ಮಾಡಬೇಕು? ಅದು ದಾಟುವ ತನಕ ಕಾಯಬೇಕು. ಘಾಟಿನಲ್ಲಿ ಮೊದಲು ದಾರಿ ಯಾರಿಗೆ? ಏರಿ ಬರುವವರಿಗೆ, ನೀವು ಹಳೆಯ ಕಾತ್ರಜ ಘಾಟು ಇಳಿಯುತ್ತಿದ್ದರೆ ಬದಿಗೆ ಸರಿದು ಅವರನ್ನು ಬಿಡಬೇಕು. ಝೀಬ್ರಾ ಪಟ್ಟಿಯ ಮೇಲೆ ಹಕ್ಕು ಯಾರದು? ನಡೆದು ಹೋಗುವವರದು. ಅಂಧರೊಬ್ಬರು ಬಿಳಿ ಕೋಲು ಹಿಡಿದು ರಸ್ತೆ ದಾಟುತ್ತಿದ್ದರೆ? ಆ ಕೋಲನ್ನೇ ನಿಲ್ಲುವ ಚಿಹ್ನೆಯೆಂದು ತಿಳಿದು ನಿಲ್ಲಬೇಕು. ಕಾವಲುಗಾರನಿಲ್ಲದ ರೈಲ್ವೆ ಗೇಟು ಬಂದರೆ? ಗಾಡಿ ನಿಲ್ಲಿಸಿ, ಜೊತೆಯವರನ್ನು ಇಳಿಸಿ ಕಳಿಸಿ, ಯಾರೂ ಇಲ್ಲದಿದ್ದರೆ ತಾನೇ ಇಳಿದು ಹೋಗಿ, ರೈಲು ಬರುತ್ತಿಲ್ಲವೆಂದು ನೋಡಿಕೊಂಡು ದಾಟಬೇಕು. ಮೋಟಾರು ವಾಹನ ಕಾಯ್ದೆಯೇ ಹಾಗೆ ಹೇಳುತ್ತದೆ.

ಇಷ್ಟಾಗುವಾಗ ನನ್ನ ಸೊಸೆ ನಕ್ಕುಬಿಟ್ಟಳು. "ಮಾಮಾ, ಎಲ್ಲಾ ಪ್ರಶ್ನಿಗೂ ಒಂದ ಉತ್ತರ ಅದ ನೋಡ್ರಿ. ನಿಂದ್ರು, ದಾರಿ ಬಿಡು!"

ಹುಡುಗಿ ತಮಾಷೆಗೆ ಅಂದಳು, ಆದರೆ ಆ ಪುಸ್ತಕದ ಸಾರವನ್ನೇ ಹೇಳಿದಳು. ಗಾಡಿ ಓಡಿಸುವುದು ಹೇಗೆಂದು ಈ ಪರೀಕ್ಷೆ ಕೇಳುವುದು ಕಡಿಮೆ. ಯಾರ ಸಲುವಾಗಿ ನಿಲ್ಲುವಿ ಎಂದು ಕೇಳುವುದೇ ಹೆಚ್ಚು. ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆಯನ್ನು ಸರಕಾರದವರು ಪ್ರಶ್ನೆಪತ್ರಿಕೆ ಮಾಡಿದಂತಿದೆ. ನಳ್ ಸ್ಟಾಪಿನಲ್ಲೋ ಅಲಕಾ ಚೌಕಿನಲ್ಲೋ ಸಂಜೆ ಆರಕ್ಕೆ ನಿಂತು ನೋಡಿರಿ. ಅಲ್ಲಿ ಓಡಿಸಲು ಬಾರದವರು ಒಬ್ಬರೂ ಸಿಗುವುದಿಲ್ಲ. ನಿಲ್ಲಲು ಬಾರದವರೇ ಸಿಗುತ್ತಾರೆ.

ಈಗ ಒಂದು ಕಟು ಮಾತು. ಮಹಾರಾಷ್ಟ್ರದಲ್ಲಿ 2021ರಿಂದ ಆಧಾರ್ ಇದ್ದವರು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಈ ಪರೀಕ್ಷೆ ಕೊಡಬಹುದು. ಒಳ್ಳೆಯ ಅನುಕೂಲ. ಆದರೆ ಮನೆಯೆಂದ ಮೇಲೆ ಪಕ್ಕದಲ್ಲಿ ಅಣ್ಣನೂ ಇರುತ್ತಾನೆ, ಅಪ್ಪನೂ ಇರುತ್ತಾರೆ. "ನೀ ಸರಿ, ನಾ ಒತ್ತತೀನಿ" ಎನ್ನುವವರಿರುತ್ತಾರೆ. ಬೇಡವೆನ್ನಿರಿ. 100ಕ್ಕೆ 60 ಅಂಕ ಬಂದರೆ ಪಾಸು. ಎರಡು ಸಂಜೆ ಓದಿದರೆ ಸಾಕಾಗುವಷ್ಟಿದೆ. ತಪ್ಪಿದರೆ ಮತ್ತೆ ಕೂಡಬಹುದು. ರಸ್ತೆಯಲ್ಲಿ ತಪ್ಪಿದರೆ ಮರುಪರೀಕ್ಷೆಯಿಲ್ಲ.

ಇದು ಹೆದರಿಸುವ ಮಾತಲ್ಲ. 2024ರ ಮೇ 19ರ ನಸುಕಿನಲ್ಲಿ ನಮ್ಮದೇ ಊರಿನ ಕಲ್ಯಾಣಿ ನಗರದಲ್ಲಿ ವೇಗದ ಕಾರೊಂದು ಬಡಿದು ಮೋಟರ್ ಸೈಕಲ್ ಮೇಲಿದ್ದ ಇಬ್ಬರು ತರುಣ ಇಂಜಿನಿಯರುಗಳು ತೀರಿಕೊಂಡರು. ಕಾರು ನಡೆಸುತ್ತಿದ್ದವನಿಗೆ 17 ವರ್ಷವೆಂದು ಪೊಲೀಸರು ಹೇಳಿದರು. ಬಾಲ ನ್ಯಾಯ ಮಂಡಳಿ ಅವನಿಗೆ ಜಾಮೀನು ಕೊಡುವಾಗ, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂದೂ ಷರತ್ತು ಹಾಕಿತ್ತು. ಅದನ್ನು ಕೇಳಿ ದೇಶವೇ ಸಿಡಿದೆದ್ದಿತು. ಸತ್ತ ಇಬ್ಬರೂ ಮಧ್ಯಪ್ರದೇಶದವರು. ನಮ್ಮ ಹಿರಿಯರಂತೆ ದೂರದ ಊರಿನಿಂದ ಅನ್ನ ಹುಡುಕಿಕೊಂಡು ಪುಣೆಗೆ ಬಂದವರು. ಆ ಮನೆಗಳ ಅಪ್ಪ ಅಮ್ಮನನ್ನು ಒಮ್ಮೆ ನೆನೆಯಿರಿ.

2019ರ ತಿದ್ದುಪಡಿಯ ಪ್ರಕಾರ, ವಯಸ್ಸಾಗದ ಮಕ್ಕಳು ಗಾಡಿ ನಡೆಸಿ ಅಪರಾಧವಾದರೆ ಪಾಲಕರಿಗೆ ಅಥವಾ ಗಾಡಿಯ ಮಾಲಿಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಆ ಮಗುವಿಗೆ 25 ತುಂಬುವವರೆಗೆ ಕಲಿಕಾ ಲೈಸನ್ಸೂ ಇಲ್ಲ. "ಇಲ್ಲೇ ಓಣಿಯೊಳಗ ಒಂದು ಸುತ್ತು" ಎನ್ನುವಾಗ ಇದು ನೆನಪಿರಲಿ.

ಪುಸ್ತಕದಲ್ಲಿ ಇನ್ನೊಂದು ಪಾಠವಿದೆ. ಅಪಘಾತವಾದರೆ ಓಡಿಹೋಗದೆ ಗಾಯಗೊಂಡವರಿಗೆ ಔಷಧೋಪಚಾರ ಸಿಗುವಂತೆ ನೋಡಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಬೇರೆಯವರ ಅಪಘಾತ ಕಂಡು ನೆರವಿಗೆ ಹೋದರೆ ಕೋರ್ಟು ಕಚೇರಿ ಅಲೆಯಬೇಕಾದೀತೆಂದು ನಮ್ಮ ಕಾಲದವರು ಹಿಂಜರಿಯುತ್ತಿದ್ದರು. 2016ರಲ್ಲಿ ಸುಪ್ರೀಂ ಕೋರ್ಟು ಹಾಗೆ ನೆರವಾಗುವವರ ರಕ್ಷಣೆಯ ನಿಯಮಗಳಿಗೆ ಬಲ ಕೊಟ್ಟಿತು. 2019ರಲ್ಲಿ ಅದು ಕಾಯ್ದೆಯೊಳಗೇ ಸೇರಿತು. ಆದ್ದರಿಂದ ನೀವು ಹಿಂಜರಿಯಬೇಕಿಲ್ಲ.

ಕೊನೆಯದಾಗಿ, ಕನ್ನಡದ ಒಂದು ಸಣ್ಣ ಪಾಠ. ನಿಮ್ಮಲ್ಲಿ ಅನೇಕರಿಗೆ 'ಡಾವೀಕಡೆ', 'ಉಜವೀಕಡೆ' ಗೊತ್ತು, 'ಎಡ', 'ಬಲ' ಅಂದರೆ ಒಂದು ಗಳಿಗೆ ತಡವರಿಸುತ್ತೀರಿ. ಒಂದು ದಿನ ನೀವೇ ಅಜ್ಜಿಯನ್ನು ಕೂಡಿಸಿಕೊಂಡು ಧಾರವಾಡಕ್ಕೋ ಉಡುಪಿಗೋ ಕಾರು ನಡೆಸುವಿರಿ. ಕಾಗಲ್ ದಾಟಿ ನಿಪ್ಪಾಣಿ ಹತ್ತಿರವಾದಂತೆ ಫಲಕಗಳ ಅಕ್ಷರ ಮರಾಠಿಯಿಂದ ಕನ್ನಡಕ್ಕೆ ಬದಲಾಗುತ್ತದೆ. ದುಂಡು, ತ್ರಿಕೋನ, ಚೌಕ ಬದಲಾಗುವುದಿಲ್ಲ. ಅಕ್ಷರವನ್ನು ಕಲಿತಿದ್ದರೆ ಊರಿನ ಹೆಸರೂ ಓದಲು ಬಂದೀತು. ಅಜ್ಜಿ ಹಿಂದಿನಿಂದ "ಎಡಕ್ಕ ತಿರುವು" ಅಂದರೆ ಎಡಕ್ಕೇ ತಿರುಗೀತು.

ಎರಡು ಪರೀಕ್ಷೆಯಲ್ಲೂ ನೀವು ಪಾಸಾಗಿರೆಂದು ಹಾರೈಸುತ್ತೇನೆ.