ಮೊರೊಕ್ಕೊ ಕಾರಂಜಿಯ ಪಕ್ಕದ ಮನೆಗಳು

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ನನ್ನನ್ನು ಮೊದಲು ಬೆರಗುಗೊಳಿಸಿದ್ದು ಅರಮನೆಯಲ್ಲ, ಹೊಟೇಲೊಂದರ ಹೊರಗೆ ಚಳಿಯಲ್ಲಿ ಸಾಲಾಗಿ ನಿಂತಿದ್ದ ತಳ್ಳುಗಾಡಿಗಳು. ತಾಯಂದಿರು ಒಳಗೆ ಕಾಫಿ ಕುಡಿಯುತ್ತಿದ್ದರು, ಎಳೆಗೂಸುಗಳು ಹೊರಗೆ ಗಾಡಿಯಲ್ಲಿ ನಿದ್ದೆಹೋಗಿದ್ದವು! ನಮ್ಮಲ್ಲಿ ಮದುವೆ ಹಾಲ್‌ನ ಬಾಗಿಲಲ್ಲಿ ಹೊಸ ಚಪ್ಪಲಿ ಬಿಟ್ಟು ಬಂದರೆ ಬಿರಿಯಾನಿಯ ರುಚಿಯೇ ಹತ್ತುವುದಿಲ್ಲ.

ಇಷ್ಟೊಂದು ನಂಬಿಕೆಯ ನಾಡಿನಲ್ಲೂ ನಂಬಲು ಅಂಜುವವರಿದ್ದಾರೆ ಎಂದು ತಿಳಿದದ್ದು ನೊರೆಬ್ರೊ ಬಡಾವಣೆಗೆ ಹೋದಾಗ. ಅಲ್ಲಿ 2012ರಲ್ಲಿ ತೆರೆದ ಸೂಪರ್‌ಕಿಲೆನ್ ಉದ್ಯಾನವಿದೆ. ಸುತ್ತಲಿನ ವಲಸಿಗರ ತವರುಗಳ ನೆನಪಿಗೆಂದು ಹಲವಾರು ದೇಶಗಳ ವಸ್ತುಗಳನ್ನು ಅಲ್ಲಿ ಇಟ್ಟಿದ್ದಾರೆ. ಮೊರೊಕ್ಕೊದ ಕಾರಂಜಿ, ಚೀನಾದ ತಾಳೆಮರ, ಕತಾರಿನ ನಿಯಾನ್ ಫಲಕ. ಪಕ್ಕದಲ್ಲೇ ಮ್ಯೋಲ್ನರ್‌ಪಾರ್ಕೆನ್ ಎಂಬ ಕೆಂಪಿಟ್ಟಿಗೆಯ ಬಾಡಿಗೆ ಮನೆಗಳು.

ಬೆಂಚಿನಲ್ಲಿದ್ದ ಪಾಕಿಸ್ತಾನ ಮೂಲದ ವೃದ್ಧೆಯೊಬ್ಬರು ಉರ್ದುವಿನಲ್ಲಿ, "ಎಲ್ಲಿಂದ ಬಂದೆ ಬೇಟಿ?" ಎಂದರು. ಮಾತು ಬೆಳೆಯಿತು.

"ಡಾಕ್ಟರನ್ನು ನಂಬುತ್ತೇನೆ. ಪಕ್ಕದ ಡ್ಯಾನಿಷ್ ಅಜ್ಜಿ ಊರಿಗೆ ಹೋಗುವಾಗ ಬೀಗದ ಕೈ ನನಗೇ ಕೊಡುತ್ತಿದ್ದಳು. ಆದರೆ ಸರಕಾರಿ ಲಕೋಟೆ ಬಂದರೆ ಮಗಳು ಬರುವ ತನಕ ಒಡೆಯುವುದಿಲ್ಲ" ಎಂದರು ಖಾಲಾ.

ಆ ಅಂಜಿಕೆಗೆ ಕಾರಣವಿದೆ. 1995ರಲ್ಲಿ ಹುಟ್ಟಿದ ಡ್ಯಾನಿಷ್ ಪೀಪಲ್ಸ್ ಪಾರ್ಟಿಗೆ ವಲಸೆ ವಿರೋಧವೇ ಬಂಡವಾಳ. 2001ರಲ್ಲಿ ಅದರ ಬೆಂಬಲದಿಂದ ಸರಕಾರ ನಡೆಯತೊಡಗಿತು. ಮರುವರ್ಷವೇ, ಹೊರದೇಶದಿಂದ ಪತಿ ಅಥವಾ ಪತ್ನಿಯನ್ನು ಕರೆಸಿಕೊಳ್ಳಲು ಇಬ್ಬರಿಗೂ 24 ತುಂಬಿರಬೇಕೆಂಬ ನಿಯಮ ಬಂತು. 2015ರಲ್ಲಿ ಶೇ. 21ರಷ್ಟು ಮತ ಪಡೆದ ಆ ಪಕ್ಷ 2022ರಲ್ಲಿ ಶೇ. 3ಕ್ಕಿಂತಲೂ ಕೆಳಗಿಳಿಯಿತು. ಸಮಾಧಾನವೆನ್ನೋಣವೇ? ಅಷ್ಟರಲ್ಲಿ ಅದರ ಮಾತು ದೊಡ್ಡ ಪಕ್ಷಗಳ ಬಾಯಿಗೂ ಬಂದಿತ್ತು.

2018ರ ಕಾನೂನು ಅದಕ್ಕೆ ಸಾಕ್ಷಿ. 'ಪಾಶ್ಚಾತ್ಯೇತರ' ಮೂಲದವರು ಅರ್ಧಕ್ಕಿಂತ ಹೆಚ್ಚಿದ್ದು, ಉದ್ಯೋಗ, ಆದಾಯ ಮುಂತಾದವುಗಳಲ್ಲಿ ಹಿಂದುಳಿದ ಬಡಾವಣೆಗೆ 'ಘೆಟ್ಟೊ' ಎಂಬ ಹೆಸರು. ಅಲ್ಲೇ ಹುಟ್ಟಿದ ಮಕ್ಕಳೂ ಈ ಲೆಕ್ಕದಲ್ಲಿ ಪಾಶ್ಚಾತ್ಯೇತರರೇ! ವರ್ಷಗಟ್ಟಲೆ ಪಟ್ಟಿಯಲ್ಲಿ ಉಳಿದ ಕಡೆ ಇಂಥ ಕುಟುಂಬ ಮನೆಗಳನ್ನು 2030ರೊಳಗೆ ಶೇ. 40ಕ್ಕೆ ಇಳಿಸಬೇಕು. ಒಂದು ವರ್ಷದ ಕೂಸನ್ನು ವಾರಕ್ಕೆ 25 ಗಂಟೆ ಶಿಶುವಿಹಾರಕ್ಕೆ ಕಳುಹಿಸದಿದ್ದರೆ ಮಕ್ಕಳ ಭತ್ಯೆಗೂ ಕತ್ತರಿ. 2021ರಲ್ಲಿ 'ಘೆಟ್ಟೊ' ಪದವನ್ನು ಕೈಬಿಟ್ಟರು, ನಿಯಮವನ್ನಲ್ಲ. ಕಾರಂಜಿಯನ್ನು ಪ್ರೀತಿಯಿಂದ ತಂದಿಟ್ಟ ನಾಡು ಮನೆಯವರನ್ನೇ ಜಾಗ ಬಿಡಿ ಎನ್ನುವುದು ನನಗಂತೂ ಅರ್ಥವಾಗಲಿಲ್ಲ.

ಮ್ಯೋಲ್ನರ್‌ಪಾರ್ಕೆನ್‌ನವರು ಸುಮ್ಮನಿರಲಿಲ್ಲ. 2020ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಇದು ಮೂಲದ ಆಧಾರದ ತಾರತಮ್ಯ ಎಂದು 2025ರ ಫೆಬ್ರವರಿಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದ ಅಡ್ವೊಕೇಟ್ ಜನರಲ್ ಅಭಿಪ್ರಾಯಪಟ್ಟರು.

"ಲಕೋಟೆ ಒಡೆಯಲು ಹೆದರುವವರು ಕೋರ್ಟನ್ನು ಹೇಗೆ ನಂಬಿದಿರಿ ಖಾಲಾ?" ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. "ಮಕ್ಕಳು ನಂಬಿದರು ಬೇಟಿ. ಅವರು ಇಲ್ಲಿಯೇ ಓದಿದವರಲ್ಲವೇ? ಏಳು, ಚಹಾ ಕುಡಿದೇ ಹೋಗಬೇಕು."