4ಎ

ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ದಪ್ಪದ ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲ, ಏನಿಲ್ಲ. ಎರಡು ವಾರ ಸುಮ್ಮನಿದ್ದೆ. ಅದೂ ಸುಮ್ಮನೆ ಅಲ್ಲೇ ಇತ್ತು.

ಕೊನೆಗೆ ರಾಜಾಜಿನಗರದ ಡಾಕ್ಟರೊಬ್ಬರ ಹತ್ತಿರ ಹೋದೆ. ಅಲ್ಟ್ರಾಸೌಂಡ್ ಬರೆದುಕೊಟ್ಟರು. ಇಪ್ಪತ್ತೆಂಟರ ವಯಸ್ಸಿಗೆ ಮೊದಲು ಮ್ಯಾಮೋಗ್ರಾಮ್ ಮಾಡೋದಿಲ್ಲವಂತೆ. ಸಾಮಾನ್ಯವಾಗಿ ಈ ವಯಸ್ಸಲ್ಲಿ ಅದರಲ್ಲಿ ಎಲ್ಲಾ ಬೆಳ್ಳಗೆ ಕಾಣುತ್ತೆ, ಗಂಟೂ ಬೆಳ್ಳಗೆ ಕಾಣುತ್ತೆ, ಹುಡುಕೋದು ಕಷ್ಟ. ಸ್ಕ್ಯಾನ್ ಮಾಡುತ್ತಿದ್ದವರು ಒಂದೇ ಜಾಗದಲ್ಲಿ ಒತ್ತಿ ಒತ್ತಿ ನೋಡಲು ಶುರು ಮಾಡಿದಾಗಲೇ ನನಗೆ ಡೌಟು ಬಂತು. "ಒಂದು ಕಡೆ ಅಂಚು ಸರಿಯಾಗಿ ಕಾಣ್ತಿಲ್ಲಮ್ಮ, ಬಯಾಪ್ಸಿ ಮಾಡಿಸಿಬಿಡಿ" ಅಂದರು. ರಿಪೋರ್ಟಿನ ಕೊನೇ ಸಾಲು: ಬೈರಾಡ್ಸ್ 4ಎ.

ನವರಂಗ್ ಹತ್ತಿರ ಫುಟ್‌ಪಾತ್ ಮೇಲೆ ನಿಂತೇ ಮೊಬೈಲಲ್ಲಿ ಹುಡುಕಿದೆ. ಅದು ಅಮೆರಿಕದ ರೇಡಿಯಾಲಜಿ ಕಾಲೇಜಿನವರು ಮಾಡಿದ ಲೆಕ್ಕ, 0ಯಿಂದ 6ರವರೆಗೆ. 4ಎ ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ 2ರಿಂದ 10 ಪರ್ಸೆಂಟ್. ಅಂದರೆ 90ಕ್ಕಿಂತ ಹೆಚ್ಚು ಪರ್ಸೆಂಟ್ ಏನೂ ಇಲ್ಲ! ಗಣಿತ ಓದಿದವಳಿಗೆ ಸಮಾಧಾನ ಆಗಬೇಕಿತ್ತು. ಮರುದಿನ ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಲೇಡೀಸ್ ಬೋಗಿಯಲ್ಲಿ ನಿಂತವರನ್ನೆಲ್ಲಾ ಹತ್ತು ಹತ್ತಾಗಿ ಎಣಿಸಿಕೊಂಡು ವೈಟ್‌ಫೀಲ್ಡ್ ತಲುಪಿದೆ. ಪ್ರತಿ ಹತ್ತರಲ್ಲೂ ಆ ಒಬ್ಬಳು ನಾನೇ ಆಗಿದ್ದೆ.

ಬಯಾಪ್ಸಿ ಅಂದುಕೊಂಡಷ್ಟು ಭಯಂಕರ ಅಲ್ಲ. ಮರಗಟ್ಟೋ ಇಂಜೆಕ್ಷನ್ ಮಾತ್ರ ಚುರ್ ಅಂತು. "ಹೀಗೆ ಶಬ್ದ ಬರುತ್ತೆ, ಬೆಚ್ಚಬೇಡಿ" ಅಂತ ಡಾಕ್ಟರ್ ಮೊದಲೇ ಆ ಸೂಜಿಯ ಗನ್ ಒತ್ತಿ ತೋರಿಸಿದರು, ದೊಡ್ಡ ಸ್ಟೇಪ್ಲರ್ ಥರ ಚಟ್ ಅಂತ. ಆಮೇಲೆ ನಾಲ್ಕು ಸಲ ಚಟ್. ಫಾರ್ಮಲಿನ್ ಬಾಟಲಲ್ಲಿ ಮುರಿದ ಶಾವಿಗೆಯಂಥ ನಾಲ್ಕು ಚೂರು. ನನ್ನವು.

"ಐದು ದಿನ ಬಿಟ್ಟು ಬನ್ನಿ."

ಐದು ದಿನ ಯಾಕೆ ಅಂತ ಕೇಳಿದ್ದಕ್ಕೆ ಅಲ್ಲಿದ್ದ ಟೆಕ್ನಿಷಿಯನ್ ಬೇಜಾರು ಮಾಡಿಕೊಳ್ಳದೆ ವಿವರಿಸಿದ. ಮೊದಲು ಫಾರ್ಮಲಿನ್‌ನಲ್ಲಿ ಗಟ್ಟಿಯಾಗಬೇಕು. ಆಮೇಲೆ ಆಲ್ಕೋಹಾಲಲ್ಲಿ ಹಾಕಿ ನೀರು ತೆಗೀತಾರೆ, ಮೇಣದ ಅಚ್ಚಲ್ಲಿ ಕೂರಿಸ್ತಾರೆ, ಕೆಲವೇ ಮೈಕ್ರಾನ್ ದಪ್ಪಕ್ಕೆ ಹೆರೆದು ಗಾಜಿನ ಮೇಲಿಟ್ಟು ಬಣ್ಣ ಹಾಕ್ತಾರೆ. ಕೊನೆಗೆ ಪೆಥಾಲಜಿಸ್ಟ್ ಮೈಕ್ರೋಸ್ಕೋಪಲ್ಲಿ ನೋಡೋದು. ರಾತ್ರಿ ನಿದ್ದೆ ಬರದಿದ್ದಾಗ ಪರ್ಸೆಂಟೇಜ್ ಬಿಟ್ಟು ಇದನ್ನೇ ಯೋಚಿಸುತ್ತಿದ್ದೆ... ಈಗ ಮೇಣದಲ್ಲಿರಬಹುದು, ಈಗ ಬಣ್ಣ ಹಾಕ್ತಿರಬಹುದು. ಯಾರೋ ನನ್ನ ಕೆಲಸ ಮಾಡ್ತಾ ಇದಾರೆ ಅನ್ನೋದೇ ಒಂದು ಧೈರ್ಯ.

ಅಮ್ಮನಿಗೆ ಹೇಳಿರಲಿಲ್ಲ. ಮೂರನೇ ದಿನ ಒಗೆಯುವ ಬಟ್ಟೆಯಲ್ಲಿ ರಕ್ತದ ಕಲೆ ನೋಡಿಬಿಟ್ಟಳು. ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದವಳಿಗೆ ಎಲ್ಲಾ ಹೇಳಿದೆ. ಗಂಟು, 4ಎ, ಚಟ್ ಚಟ್, ಮೇಣ. ಬೈತಾಳೆ ಅಂದುಕೊಂಡಿದ್ದೆ. ಕೈ ನಿಲ್ಲಿಸದೆ ಅಂದಳು,

"ನಂಗೂ ಒಂದಿದೆ ಕಣೇ."

"ಯಾವಾಗಿಂದ?"

"ನೀನು ಸೆಕೆಂಡ್ ಪಿಯುಸಿಲಿದ್ದಾಗಿಂದ."

"ಹನ್ನೊಂದು ವರ್ಷ ಆಯ್ತಲ್ಲಮ್ಮಾ! ಯಾಕೆ ಹೇಳ್ಲಿಲ್ಲ?"

"ಸಿಇಟಿ ಇತ್ತಲ್ಲ ನಿಂದು."

ಸಿಇಟಿ ಆಗಿ, ಸೀಟು ಸಿಕ್ಕಿ, ನಾಲ್ಕು ವರ್ಷ ಇಂಜಿನಿಯರಿಂಗ್ ಮುಗಿದು, ನನಗೆ ಎರಡು ಪ್ರಮೋಷನ್ ಆಯ್ತು. ಆಫೀಸಿನ ಇನ್ಶೂರೆನ್ಸ್ ಫಾರ್ಮಲ್ಲಿ ಅಮ್ಮನ ಹೆಸರು ಪ್ರತಿ ವರ್ಷ ತುಂಬಿದ್ದೀನಿ. ಒಂದು ಸಲವೂ ಕೇಳಿರಲಿಲ್ಲ. ಅವಳ ಮುಂದೆ ಕೂತು ಅತ್ತೆ. ನನ್ನ ಗಂಟಿಗೆ ಒಂದು ದಿನವೂ ಅತ್ತಿರಲಿಲ್ಲ.

ಐದನೇ ದಿನ ಇಬ್ಬರೂ ಆಟೋದಲ್ಲಿ ಹೋಗಿ ರಿಪೋರ್ಟ್ ತಂದೆವು. ಫೈಬ್ರೋಅಡಿನೋಮ. ಕ್ಯಾನ್ಸರ್ ಅಲ್ಲ. ನನ್ನ ವಯಸ್ಸಿನವರಲ್ಲಿ ಬಹಳ ಸಾಮಾನ್ಯ, ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನ್ ಸಾಕು ಅಂದರು. ಅಮ್ಮ ಅಲ್ಲೇ ಕಾರಿಡಾರಲ್ಲಿ ಚಪ್ಪಲಿ ಬಿಟ್ಟು ಗೋಡೆಯ ಗಣಪತಿ ಕ್ಯಾಲೆಂಡರಿಗೆ ಕೈ ಮುಗಿದಳು. ನಾನು ಕೌಂಟರಿಗೆ ಹೋಗಿ ಅವಳ ಹೆಸರಿಗೆ ಅಪಾಯಿಂಟ್‌ಮೆಂಟ್ ತಗೊಂಡೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮ್ಯಾಮೋಗ್ರಾಮ್. ಎದೆಗೆ, ಕಂಕುಳಿಗೆ ಪೌಡರ್ ಹಾಕ್ಕೊಂಡು ಬರಬಾರದಂತೆ, ಚಿತ್ರದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತಂತೆ. ನಿನ್ನೆಯಿಂದ ಅಮ್ಮನದು ಅದೊಂದೇ ರಗಳೆ. "ಅಷ್ಟು ಜನರ ಮುಂದೆ ಪೌಡರ್ ಇಲ್ಲದೆ ಹೆಂಗೇ ಬರ್ಲಿ?"

"ಮುಖಕ್ಕೆ ಹಾಕ್ಕೊಳಮ್ಮಾ" ಅಂದೆ.